ಬದಿಯಡ್ಕದ ಹೆಣ್ಣು ಬಾಲ್ ಪೈಥಾನ್: ಗಂಡಿನ ಆಯ್ಕೆ, ಕೂಡಿಸುವ ಕಾಲ

ಈ ಪ್ರಕರಣದ ಹಾವು 2021ರಲ್ಲಿ ಮೊಟ್ಟೆಯೊಡೆದು ಬಂದ ಒಂದು ಹೆಣ್ಣು ಬಾಲ್ ಪೈಥಾನ್, ಅಂದರೆ ಆಫ್ರಿಕಾ ಮೂಲದ ಒಂದು ಸಣ್ಣ ಹೆಬ್ಬಾವು. ಸಾಕಿದವರು 'ಸಿನಮನ್' ಎಂದು ಕರೆಯುವ ಕಡುಕಂದು ಬಣ್ಣದ ತಳಿ. ಯಜಮಾನ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆ ಅಡಿಕೆ ತೋಟವಿರುವ ಮನೆಯ ಹುಡುಗ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವನು, ಮನೆಯಿಂದಲೇ ಕೆಲಸ ಮಾಡುವ ಅನುಕೂಲ ಸಿಕ್ಕಿದ ಮೇಲೆ ಊರಿಗೆ ಮರಳುವಾಗ ಎರಡು ಹಾವುಗಳನ್ನು ಜೊತೆಗೆ ತಂದಿದ್ದ. ಎರಡೂ ಒಂದೇ ತಾಯಿಯ, ಒಂದೇ ಕಾವಿನ ಮರಿಗಳು. ಮಾರಿದವರು ಅವುಗಳನ್ನು 'ಜೋಡಿ' ಎಂದೇ ಕೊಟ್ಟಿದ್ದರು. ಅವನ ಮನೆಯ ದನಗಳಿಗೆ ಮದ್ದು ಮಾಡಲು ನಾನು ಮೊದಲಿನಿಂದಲೂ ಹೋಗುತ್ತಿದ್ದುದರಿಂದ ಹಾವುಗಳೂ ನನ್ನ ಪಾಲಿಗೇ ಬಂದವು.

2023ರ ಅಕ್ಟೋಬರಿನಲ್ಲಿ ಅವನು ಅವುಗಳನ್ನು ತೋರಿಸಿದ್ದು ಯಾವ ಕಾಯಿಲೆಗೂ ಅಲ್ಲ. "ಡಾಕ್ಟರೇ, ನವೆಂಬರಿನಲ್ಲಿ ಇವೆರಡನ್ನು ಕೂಡಿಸಬೇಕೆಂದಿದ್ದೇನೆ. ಹೆಣ್ಣು ತಯಾರಿದೆಯೇ ನೋಡಿ ಹೇಳಿ" ಎಂದ. ಕೂಡಿಸಿದ ಮೇಲೆ ತೊಂದರೆಯಾಗಿ ಬರುವವರೇ ಹೆಚ್ಚಿರುವಾಗ, ಮೊದಲೇ ಬಂದು ಕೇಳಿದ್ದು ನನಗೆ ತುಂಬ ಮೆಚ್ಚಿಕೆಯಾಯಿತು.

ಮೊದಲು ಲಿಂಗ ಖಚಿತಪಡಿಸಿಕೊಂಡೆವು. ಗುದದ್ವಾರದ ಇಕ್ಕೆಲಗಳಲ್ಲಿರುವ ಸಣ್ಣ ಮುಳ್ಳುಗಳನ್ನು ನೋಡಿ ಗಂಡು ಹೆಣ್ಣು ಹೇಳುವ ರೂಢಿಯಿದೆ. ಆದರೆ ಆ ಮುಳ್ಳು ಎರಡಕ್ಕೂ ಇರುತ್ತದೆ, ಅದನ್ನು ನಂಬಲಾಗದು. ಮೊಂಡು ತುದಿಯ ಸಪೂರ ಸಲಾಕೆಯನ್ನು ಜೆಲ್ ಸವರಿ ಬಾಲದ ಕಡೆಗೆ ಮೆಲ್ಲನೆ ತೂರಿಸಿದರೆ ಹೆಣ್ಣಿನಲ್ಲಿ ಅದು ಎರಡರಿಂದ ನಾಲ್ಕು ಹುರುಪೆಯಷ್ಟು ಹೋಗಿ ನಿಲ್ಲುತ್ತದೆ. ಗಂಡಿನಲ್ಲಿ ಎಂಟು ಹತ್ತು ಹುರುಪೆಯವರೆಗೂ ಹೋಗುತ್ತದೆ. ಇಲ್ಲಿ ಹೆಣ್ಣಿನಲ್ಲಿ ಮೂರು, ಅದರ ತಮ್ಮನಲ್ಲಿ ಒಂಬತ್ತು. ಜೋಡಿ ಎಂದು ಮಾರಿದ್ದು ಸುಳ್ಳಾಗಿರಲಿಲ್ಲ. ಈ ಪರೀಕ್ಷೆಯನ್ನು ಯಾರೂ ವಿಡಿಯೊ ನೋಡಿ ಮನೆಯಲ್ಲಿ ಪ್ರಯತ್ನಿಸಬಾರದು. ಕೈ ಒಂದಿಷ್ಟು ಜೋರಾದರೂ ಒಳಗಿನ ಅಂಗಾಂಶ ಹರಿಯುತ್ತದೆ.

ಹೆಣ್ಣಿನ ತೂಕ 1,280 ಗ್ರಾಂ. ವಯಸ್ಸು ಎರಡು ವರ್ಷ ದಾಟಿತ್ತು. ಬೆನ್ನೆಲುಬು ಎದ್ದು ಕಾಣುತ್ತಿರಲಿಲ್ಲ, ಕೊಬ್ಬಿನ ಮಡಿಕೆಗಳೂ ಇರಲಿಲ್ಲ. ಬಾಯಿ ಶುದ್ಧ, ಉಸಿರಾಟದಲ್ಲಿ ಸದ್ದಿಲ್ಲ, ಹುರುಪೆಗಳ ಸಂದಿಯಲ್ಲಿ ಉಣ್ಣಿಯಾಗಲಿ ನುಸಿಯಾಗಲಿ ಇಲ್ಲ. ದನಗಳ ಗರ್ಭಪರೀಕ್ಷೆಗೆ ಬಳಸುವ ಸ್ಕ್ಯಾನ್ ಯಂತ್ರವನ್ನೇ ಹೊಟ್ಟೆಯ ಮೇಲೆ ಇಟ್ಟು ನೋಡಿದಾಗ ಅಂಡಾಶಯದಲ್ಲಿ ಕೆಲವೇ ಮಿಲಿಮೀಟರಿನ, ಅಂಡ ಬೆಳೆಯುವ ಚೀಲಗಳಾದ ಫಾಲಿಕಲ್‌ಗಳು ಕಂಡವು. ಆರೋಗ್ಯವಂತ ಹಾವು, ಆದರೆ ತಾಯಿಯಾಗುವ ಕಾಲ ಇನ್ನೂ ಬಂದಿರಲಿಲ್ಲ.

ಬಾಲ್ ಪೈಥಾನ್ ಹೆಣ್ಣಿಗೆ ಅನುಭವಿಗಳು ಇಟ್ಟುಕೊಂಡಿರುವ ಕೆಳಮಿತಿ ಸುಮಾರು 1,500 ಗ್ರಾಂ ತೂಕ ಮತ್ತು ಮೂರು ವರ್ಷ. ಇವುಗಳಲ್ಲಿ ಒಂದು ಸಾಲದು, ಎರಡೂ ಬೇಕು ಎನ್ನುವುದು ನನ್ನ ಪಟ್ಟು. ಇಲಿಯ ಮೇಲೆ ಇಲಿ ತಿನ್ನಿಸಿ ಎರಡೇ ವರ್ಷದಲ್ಲಿ ತೂಕ ಏರಿಸುವುದು ಕಷ್ಟವಲ್ಲ. ಹಾಗೆ ಏರಿದ್ದರಲ್ಲಿ ಬಹುಪಾಲು ಕೊಬ್ಬು. ಮೊಟ್ಟೆ ಇಡುವ ಹೊತ್ತಿಗೆ ಬೇಕಾಗುವುದು ಸ್ನಾಯು ಮತ್ತು ಮೂಳೆಯಲ್ಲಿ ಕೂಡಿಟ್ಟ ಕ್ಯಾಲ್ಸಿಯಂ. ಒಂದೊಂದು ಮೊಟ್ಟೆಯೂ 65ರಿಂದ 100 ಗ್ರಾಂ ತೂಗುತ್ತದೆ. ಆರು ಮೊಟ್ಟೆಯಾದರೆ ತನ್ನ ಮೈಯ ಕಾಲು ಭಾಗಕ್ಕಿಂತ ಹೆಚ್ಚನ್ನು ಆ ತಾಯಿ ಒಂದೇ ದಿನ ಹೊರಗೆ ಹಾಕುತ್ತದೆ, ಅದೂ ತಿಂಗಳುಗಟ್ಟಲೆ ಉಪವಾಸವಿದ್ದು. ಎಳೆಯ ಅಥವಾ ಕೊಬ್ಬಿದ ಹೆಣ್ಣಿನಲ್ಲಿ ಮೊಟ್ಟೆ ನಾಳದಲ್ಲೇ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ. ಆಗಲೂ ಉಳಿಯುವ ಭರವಸೆ ಕಡಿಮೆ.

"ಈ ವರ್ಷ ಬೇಡ" ಎಂದೆ. ಹುಡುಗನ ಮುಖ ಬಾಡಿತು. ಆದರೆ ಯಾಕೆಂದು ಕೇಳಿದ, ಕೂತು ಕೇಳಿಸಿಕೊಂಡ.

ಮೂರು ಗಂಡುಗಳು

ಕಾಲದ ಪ್ರಶ್ನೆ ತೂಕದಿಂದ ತೀರ್ಮಾನವಾಯಿತು. ಗಂಡಿನ ಪ್ರಶ್ನೆ ಅಷ್ಟು ಸುಲಭದ್ದಾಗಿರಲಿಲ್ಲ. ಇಂಥ ಪ್ರಕರಣಗಳಲ್ಲಿ ಜನ ಬಣ್ಣಕ್ಕೆ ಮನಸೋತು ಎಡವುವುದು ಇಲ್ಲಿಯೇ.

ಮನೆಯಲ್ಲೇ ಇದ್ದ ತಮ್ಮ ಮೊದಲ ಗಂಡು. ಹುಡುಗನ ಲೆಕ್ಕದಲ್ಲಿ ಖರ್ಚಿಲ್ಲದ ದಾರಿ. ಒಡಹುಟ್ಟಿದವುಗಳನ್ನು ಕೂಡಿಸುವುದು ಹಾವು ಸಾಕುವವರಲ್ಲಿ ಅಪರೂಪವೇನಲ್ಲ. ಒಂದು ತಲೆಮಾರಿಗೆ ಏನೂ ಆಗದು ಎನ್ನುವವರೂ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಅಡಗಿರುವ ದೋಷದ ಜೀನು ಇಬ್ಬರಲ್ಲೂ ಒಂದೇ ಆಗಿರುವ ಸಾಧ್ಯತೆ ಅಂಥ ಜೋಡಿಯಲ್ಲೇ ಅತಿ ಹೆಚ್ಚು. ಇಲ್ಲಿ ಅಡಗಿರದ, ಕಣ್ಣಿಗೇ ಕಾಣುವ ಕಾರಣವೂ ಇತ್ತು: ತಮ್ಮನೂ ಸಿನಮನ್.

ಸಿನಮನ್ ಜೀನಿನ ಒಂದು ಪ್ರತಿ ಇದ್ದರೆ ಮೈಬಣ್ಣ ಕಡುಕಂದಾಗುತ್ತದೆ, ಹಾವಿಗೆ ಬೇರೇನೂ ತೊಂದರೆಯಿಲ್ಲ. ಎರಡು ಸಿನಮನ್‌ಗಳನ್ನು ಕೂಡಿಸಿದರೆ ಪ್ರತಿ ಮೊಟ್ಟೆಯಲ್ಲೂ ನಾಲ್ಕರಲ್ಲೊಂದು ಪಾಲು ಸಾಧ್ಯತೆ ಎರಡೂ ಕಡೆಯಿಂದ ಆ ಜೀನು ಬಂದು ಸೇರುವುದು. ಅಂಥ ಮರಿ ಗುರುತೇ ಇಲ್ಲದ ಕಡುಗಪ್ಪು ಬಣ್ಣದ್ದಾಗುತ್ತದೆ, ಮಾರುಕಟ್ಟೆಯಲ್ಲಿ ಅದಕ್ಕೆ ಬೇಡಿಕೆಯೂ ಇದೆ. ಬೆನ್ನೆಲುಬು ಸೊಟ್ಟಗಾಗುವುದು, ಮೂತಿ ಚಪ್ಪಟೆಯಾಗಿ ಬಾತಿನ ಕೊಕ್ಕಿನಂತಾಗುವುದು ಆ ಮರಿಗಳಲ್ಲಿ ಪದೇ ಪದೇ ಕಾಣುವ ದೋಷಗಳು. ನಾನು ಹಾಳೆಯ ಮೇಲೆ ನಾಲ್ಕು ಚೌಕ ಎಳೆದು ಇದನ್ನು ತೋರಿಸಿದೆ. ಬೆನ್ನು ಸೊಟ್ಟಗಾದ ಹಾವಿಗೆ ಇಲಿ ನುಂಗುವುದೂ ಹಿಂಸೆ, ಹೊರಹಾಕುವುದೂ ಹಿಂಸೆ. ಚೆಂದಕ್ಕಾಗಿ ಆ ಪಾಡನ್ನು ಬೇಕೆಂದೇ ಹುಟ್ಟಿಸುವುದು ನನಗೆ ಸಹಿಸಲಾಗದ ಮಾತು.

ಎರಡನೆಯದು ಮಂಗಳೂರಿನ ಪರಿಚಿತನೊಬ್ಬ ಕೊಡಲು ಒಪ್ಪಿದ್ದ 'ಸ್ಪೈಡರ್' ಗಂಡು. ಹೊಂಬಣ್ಣದ ಮೈಮೇಲೆ ಜೇಡರ ಬಲೆಯ ಎಳೆಗಳಂಥ ಕಪ್ಪು ಗೆರೆ. ನೋಡಿದವರು ಕಣ್ಣು ಕೀಳುವುದಿಲ್ಲ. ಹುಡುಗನ ಮನಸ್ಸೂ ಅದರ ಮೇಲೇ ಇತ್ತು. ಆದರೆ ಸ್ಪೈಡರ್ ಬಣ್ಣದ ಬೆನ್ನಿಗೇ ತಲೆಯ ನಡುಕವೂ ಬರುತ್ತದೆ. ಹಾವು ತಲೆ ಎತ್ತಿದಾಗ ಓಲಾಡುತ್ತದೆ, ಇಲಿಯ ಮೇಲೆ ಎರಗಿದರೆ ಗುರಿ ತಪ್ಪುತ್ತದೆ, ಕೆಲವು ಹಾವುಗಳ ತಲೆ ತಿರುಚಿಕೊಂಡು ಹೊಟ್ಟೆ ಮೇಲಾಗುತ್ತದೆ. ಸ್ಕ್ಯಾನ್ ಮಾಡಿ ನೋಡಿದ ಸಂಶೋಧಕರಿಗೆ ಈ ಹಾವುಗಳ ಒಳಕಿವಿಯ, ಅಂದರೆ ಸಮತೋಲನ ಕಾಯುವ ಅಂಗದ, ರಚನೆಯೇ ಕೆಟ್ಟಿರುವುದು ಕಂಡಿದೆ. ನಡುಕ ಕಡಿಮೆಯಿರುವ ಸ್ಪೈಡರ್ ಹಾವಿನ ಮರಿಯಲ್ಲೂ ಕಡಿಮೆಯೇ ಇರುತ್ತದೆ ಎನ್ನಲು ಆಧಾರವಿಲ್ಲ. ಆ ಗಂಡಿನಿಂದ ಹುಟ್ಟುವ ಮರಿಗಳಲ್ಲಿ ಸರಾಸರಿ ಅರ್ಧದಷ್ಟಕ್ಕೆ ಆ ಜೀನು ಹೋಗುತ್ತದೆ. ಇದನ್ನು ಹೇಳಿದಾಗ ಹುಡುಗ ತಾನೇ ಮಂಗಳೂರಿಗೆ ಹೋಗಿ, ಆ ಹಾವು ಊಟ ಮಾಡುವುದನ್ನು ಕೂತು ನೋಡಿ ಬಂದ. ಆಮೇಲೆ ಅದರ ಮಾತು ಎತ್ತಲಿಲ್ಲ.

ಮೂರನೆಯದು ಕಣ್ಣೂರು ಜಿಲ್ಲೆಯ ಒಬ್ಬರಲ್ಲಿದ್ದ ಸಾದಾ ಬಣ್ಣದ ಗಂಡು. ಕಾಡಿನಲ್ಲಿ ಇರುವಂಥದೇ ಕಪ್ಪು ಮೈ, ಅದರಲ್ಲಿ ಕಂದು ಮಚ್ಚೆ. ನಾಲ್ಕು ವರ್ಷ, 840 ಗ್ರಾಂ, ಬೇರೆಯೇ ಮೂಲದ ತಂದೆತಾಯಿ. ತಪ್ಪದೆ ತಿನ್ನುವ, ಮುಟ್ಟಿದರೆ ಉಸಿರು ಬುಸುಗುಟ್ಟದ ಹಾವು. ಗಂಡು 600-700 ಗ್ರಾಂ ಆದರೆ ಸಾಕು, ಹೆಣ್ಣಿನಷ್ಟು ದೊಡ್ಡದಿರಬೇಕಾಗಿಲ್ಲ. ಸಿನಮನ್ ಹೆಣ್ಣಿಗೆ ಇಂಥ ಗಂಡನ್ನು ಕೂಡಿಸಿದರೆ ಪ್ರತಿ ಮರಿಯೂ ಸಿನಮನ್ ಆಗುವ ಸಾಧ್ಯತೆ ಅರ್ಧ, ಸಾದಾ ಆಗುವ ಸಾಧ್ಯತೆ ಅರ್ಧ, ಎರಡು ಪ್ರತಿ ಸೇರುವ ಭಯವೇ ಇಲ್ಲ. ನನ್ನ ಮತ ಇದಕ್ಕೇ ಬಿತ್ತು. ಹಾವಿನ ಜೋಡಿ ಹುಡುಕುವಾಗ ನಾನು ನೋಡುವುದು ಮೊದಲು ಮೈ, ಆಮೇಲೆ ಮೂಲ, ಆಮೇಲೆ ಊಟದ ಸ್ವಭಾವ. ಬಣ್ಣ ಎಲ್ಲಕ್ಕೂ ಕೊನೆಗೆ.

ಕಾದ ವರ್ಷ

ಮನೆಯ ಅಮ್ಮನಿಗೆ ಹಾವುಗಳೆಂದರೆ ಅಸಹ್ಯವಿರಲಿಲ್ಲ, ಅಳುಕಿತ್ತು. ತೋಟದ ಮೂಲೆಯಲ್ಲಿ ನಾಗಬನವಿರುವ ಮನೆ. ನಾಗರಪಂಚಮಿಗೆ ತನು ಎರೆದು ಬರುವವರು ಹಾವನ್ನು ಡಬ್ಬಿಯಲ್ಲಿಟ್ಟು ಮರಿ ಮಾಡಿಸುವುದು ಸರಿಯೇ ಎಂದು ಅವರಿಗೆ ಅನಿಸಿದ್ದು ಸಹಜ. ಆದರೆ ಅವರು ನನ್ನಲ್ಲಿ ಕೇಳಿದ್ದು ಆ ಪ್ರಶ್ನೆಯನ್ನಲ್ಲ. "ಡಾಕ್ಟರೇ, ಮರಿಗಳಾದರೆ ಅವನ್ನೆಲ್ಲ ಎಲ್ಲಿ ಬಿಡುವುದು?" ಎಂದು ಕೇಳಿದರು.

ಇಡೀ ಪ್ರಕರಣದಲ್ಲಿ ಯಾರಾದರೂ ಕೇಳಿದ ಅತಿ ಮುಖ್ಯವಾದ ಪ್ರಶ್ನೆ ಅದು. ಬಿಡುವಂತಿಲ್ಲ ಎಂದು ಉತ್ತರಿಸಿದೆ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಸಾಕಿದವರ ಕೈಯಿಂದ ಹೊರಬಿದ್ದ ಬರ್ಮಾ ಹೆಬ್ಬಾವು ಅಮೆರಿಕದ ಫ್ಲಾರಿಡಾದ ಜೌಗುಕಾಡಿನಲ್ಲಿ ಬೇರುಬಿಟ್ಟು ಅಲ್ಲಿನ ಸಣ್ಣ ಪ್ರಾಣಿಗಳನ್ನು ಬರಿದುಮಾಡಿದ್ದು ಎಲ್ಲರೂ ತಿಳಿದಿರಬೇಕಾದ ಪಾಠ. ನಮ್ಮ ಗುಡ್ಡೆಗಳಿಗೆ ಹೊರಗಿನ ಹಾವನ್ನಾಗಲಿ ಅದು ಹೊತ್ತುತರುವ ರೋಗವನ್ನಾಗಲಿ ಸೇರಿಸಲು ಯಾರಿಗೂ ಹಕ್ಕಿಲ್ಲ. ಆದ್ದರಿಂದ ಆರು ಮರಿಗಳಾದರೆ ಆರಕ್ಕೂ ಮನೆ ಎಲ್ಲಿ ಎಂಬುದು ಗಂಡನ್ನು ತರುವ ಮೊದಲೇ ತೀರ್ಮಾನವಾಗಬೇಕೆಂದು ಷರತ್ತು ಹಾಕಿದೆ.

ಕಾನೂನಿನ ಕೆಲಸವೂ ಆ ವರ್ಷದಲ್ಲೇ ಮುಗಿಯಿತು. ನಮ್ಮ ದೇಶದ ಕಾಡುಹಾವುಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ನಮ್ಮ ಹೆಬ್ಬಾವು ಅದರ ಮೊದಲನೆಯ ಅನುಸೂಚಿಯಲ್ಲಿದೆ. ಬಾಲ್ ಪೈಥಾನ್ ಹೊರದೇಶದ್ದಾದರೂ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯ ಎರಡನೇ ಅನುಬಂಧದಲ್ಲಿದೆ. 2022ರ ತಿದ್ದುಪಡಿಯಿಂದ ಅಂಥ ಜೀವಿಗಳು ನಾಲ್ಕನೇ ಅನುಸೂಚಿಗೆ ಬಂದವು. 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳಂತೆ, ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ಆರು ತಿಂಗಳೊಳಗೆ ನೋಂದಾಯಿಸಬೇಕಿತ್ತು. ಮರಿ ಹುಟ್ಟಿದರೂ, ಸತ್ತರೂ, ಕೈ ಬದಲಾದರೂ ತಿಳಿಸಬೇಕು. ಹುಡುಗ ಎರಡೂ ಹಾವುಗಳ ನೋಂದಣಿ ಮಾಡಿಸಿದ. ಕಣ್ಣೂರಿನವರದೂ ಆಗಿತ್ತು. ಕಾಗದವಿಲ್ಲದ ಗಂಡು ಎಷ್ಟೇ ಚೆನ್ನಾಗಿದ್ದರೂ ನಾನು ಒಪ್ಪುತ್ತಿರಲಿಲ್ಲ.

ಆಹಾರದಲ್ಲಿ ವಿಶೇಷವೇನಿಲ್ಲ. ಮೈತೂಕದ ಹತ್ತನೇ ಒಂದು ಪಾಲಿನಷ್ಟಿರುವ ಇಲಿ, ಹತ್ತು-ಹನ್ನೆರಡು ದಿನಕ್ಕೊಮ್ಮೆ. 2024ರ ಅಕ್ಟೋಬರಿನಲ್ಲಿ ಹೆಣ್ಣು 1,720 ಗ್ರಾಂ ತೂಗಿತು, ವಯಸ್ಸು ಮೂರು ದಾಟಿತ್ತು.

ಗಂಡು ಬಂದದ್ದು ಆಗಸ್ಟಿನಲ್ಲಿ. ಮೂರು ತಿಂಗಳು ಅದನ್ನು ಬೇರೆ ಕೋಣೆಯಲ್ಲಿ, ಬೇರೆ ನೀರಿನ ಬಟ್ಟಲು, ಬೇರೆ ಇಕ್ಕಳದೊಂದಿಗೆ ಇಡಿಸಿದೆ. ಪೈಥಾನ್‌ಗಳ ಉಸಿರಾಟದ ವೈರಾಣು ರೋಗ ಮೊದಲಿಗೆ ಏನೂ ತೋರಿಸದೆ ಕೂತಿರಬಲ್ಲದು. ಒಂದು ಮಿಲನಕ್ಕಾಗಿ ಮನೆಯ ಎಲ್ಲ ಹಾವುಗಳನ್ನೂ ಪಣಕ್ಕಿಡುವುದು ಬೇಡ.

ಯಾವ ತಿಂಗಳು

ಹುಡುಗ ಓದಿದ್ದ ಕೈಪಿಡಿಗಳೆಲ್ಲ ಅಮೆರಿಕದವು, ಯುರೋಪಿನವು. ಅಕ್ಟೋಬರಿನಿಂದ ರಾತ್ರಿಯ ಕಾವು ಇಳಿಸು, ದೀಪದ ಹೊತ್ತು ಕಡಿಮೆ ಮಾಡು ಎಂದು ಅವು ಹೇಳುತ್ತವೆ. ಲಂಡನ್ನಿನಲ್ಲಿ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಎಂಟು ಗಂಟೆಗೂ ಹೆಚ್ಚು ವ್ಯತ್ಯಾಸ. ಈ ಹಾವಿನ ತವರಾದ ಘಾನಾ, ಟೋಗೊ, ಬೆನಿನ್ ದೇಶಗಳು ಇರುವುದು ಸಮಭಾಜಕದಿಂದ ಉತ್ತರಕ್ಕೆ ಸುಮಾರು ಐದರಿಂದ ಹನ್ನೆರಡು ಡಿಗ್ರಿಯಲ್ಲಿ. ಕಾಸರಗೋಡು ಹನ್ನೆರಡೂವರೆ ಡಿಗ್ರಿಯಲ್ಲಿ. ಅಲ್ಲಿ ಮಳೆ ನಿಂತ ಮೇಲೆ ಡಿಸೆಂಬರಿನಿಂದ ಸಹರಾ ಕಡೆಯ ಒಣಗಾಳಿ ಬೀಸಿ ರಾತ್ರಿಗಳು ತಂಪಾಗುತ್ತವೆ. ಫೆಬ್ರವರಿ ನಡುವಿನಿಂದ ಏಪ್ರಿಲ್ ಮೊದಲ ದಿನಗಳವರೆಗೆ ಹಾವುಗಳು ಮೊಟ್ಟೆಯಿಡುತ್ತವೆ. ನಮ್ಮಲ್ಲೂ ತುಲಾ ಮಾಸದ ಗುಡುಗು ಮಳೆ ಮುಗಿದು, ಅಂಗಳದಲ್ಲಿ ಅಡಿಕೆ ಒಣಗಲು ಬೀಳುವ ಹೊತ್ತಿಗೆ ಧನುರ್ಮಾಸದ ಬೆಳಗಿನ ಚಳಿ. ನಾವು ಕೃತಕ ಚಳಿಗಾಲ ಮಾಡಬೇಕಾಗಿಲ್ಲ, ಕಿಟಕಿ ತೆರೆದಿಟ್ಟರೆ ಸಾಕು ಎಂದೆ. ಡಬ್ಬಿಯ ಬಿಸಿ ಬದಿ ಹಗಲಿನಲ್ಲಿ 31 ಡಿಗ್ರಿ ಇರಲಿ, ರಾತ್ರಿ ಕೋಣೆಯ ತಂಪು 23-24ಕ್ಕೆ ತಾನಾಗಿ ಇಳಿಯಲಿ.

ನಮ್ಮ ಹೆಬ್ಬಾವು ಕೂಡ ಹೆಚ್ಚುಕಡಿಮೆ ಇದೇ ಪಂಚಾಂಗ ಹಿಡಿದು ನಡೆಯುತ್ತದೆ. 2022ರ ಮಾರ್ಚಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದ ವೇಳೆ ಕಾಸರಗೋಡಿನ ಮೋರಿಯ ಕೆಲಸದ ಜಾಗದಲ್ಲಿ ಬಿಲದೊಳಗೆ ಹೆಬ್ಬಾವೊಂದು ಕಾವಿಗೆ ಕೂತಿರುವುದು ಕಂಡು, 24 ಮೊಟ್ಟೆಗಳು ಮರಿಯಾಗುವವರೆಗೆ 54 ದಿನ ಅಲ್ಲಿ ಕೆಲಸ ನಿಲ್ಲಿಸಿದ್ದರು. ಆ ಸುದ್ದಿಯನ್ನು ನೆನೆದರೆ ನನಗೆ ಈಗಲೂ ಹೆಮ್ಮೆಯಾಗುತ್ತದೆ.

ತಿಂಗಳು ಬಾಗಿಲು ತೆರೆಯುತ್ತದೆ ಅಷ್ಟೇ, ದಿನ ಹೇಳಬೇಕಾದದ್ದು ಹೆಣ್ಣಿನ ಮೈ. ನವೆಂಬರ್ ನಡುವಿನಲ್ಲಿ ಫಾಲಿಕಲ್‌ಗಳು ಹತ್ತು ಮಿಲಿಮೀಟರ್ ಮುಟ್ಟಿದ್ದವು. ಆಗ ಗಂಡನ್ನು ಹೆಣ್ಣಿನ ಡಬ್ಬಿಗೆ ಬಿಡಿಸಿದೆ. ಎರಡು ದಿನ ಜೊತೆ, ಆಮೇಲೆ ಒಂದು ವಾರ ಬೇರೆ, ಹೆಣ್ಣಿಗೆ ಊಟ, ಮತ್ತೆ ಜೊತೆ. ಸದಾ ಒಟ್ಟಿಗೇ ಇಟ್ಟರೆ ಎರಡೂ ದಣಿಯುತ್ತವೆ, ಗಂಡು ಊಟವನ್ನೇ ಬಿಡುತ್ತದೆ. ಮಿಲನವೆಂದರೆ ಮೈಗೆ ಮೈ ಹೆಣೆದು ಎದ್ದು ನಿಲ್ಲುವುದಲ್ಲ. ಗದ್ದೆಯ ಬದುವಿನಲ್ಲಿ ಎರಡು ಕೇರೆಹಾವು ಹಾಗೆ ಹೆಣೆದುಕೊಂಡರೆ ಜನ ಮಿಲನವೆಂದು ಕೈಮುಗಿಯುತ್ತಾರೆ. ಅದು ಎರಡು ಗಂಡುಗಳ ಸೆಣಸಾಟ. ಇಲ್ಲಿ ಕಾಣುವುದು ಬಾಲದ ಬುಡಗಳು ಸುತ್ತಿಕೊಂಡು, ಉಳಿದ ಮೈ ಸಡಿಲವಾಗಿ, ಗಂಟೆಗಟ್ಟಲೆ ಅಲುಗದೆ ಮಲಗಿರುವುದು. ಬಾಲ್ ಪೈಥಾನ್ ಹೆಣ್ಣು ವೀರ್ಯವನ್ನು ಒಳಗೆ ತಿಂಗಳುಗಟ್ಟಲೆ ಕಾಪಿಡಬಲ್ಲದು. ಆದ್ದರಿಂದ ಕೂಡಿದ ದಿನದಿಂದ ಮೊಟ್ಟೆಯ ದಿನ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಜನವರಿಯಲ್ಲಿ ಫಾಲಿಕಲ್ 24 ಮಿಲಿಮೀಟರ್. ಹೆಣ್ಣು ಇಲಿಯತ್ತ ಮೂಗು ತಿರುಗಿಸತೊಡಗಿತು, ತಂಪು ಬದಿಗೆ ಸರಿದು ನೀರಿನ ಬಟ್ಟಲನ್ನು ತಬ್ಬಿ ಮಲಗುತ್ತಿತ್ತು. ಇನ್ನು ಒತ್ತಾಯಿಸಿ ತಿನ್ನಿಸಬೇಡ ಎಂದೆ.

ಅಂಡ ಬಿಡುಗಡೆಯಾಗುವ ದಿನವನ್ನು ಹಿಡಿಯುವುದು ಕಷ್ಟ. ಮೈಯ ನಡುಭಾಗ ಒಮ್ಮೆಲೆ ಊದಿಕೊಂಡು ಒಂದು ದಿನದೊಳಗೆ ಮತ್ತೆ ಇಳಿದುಬಿಡುತ್ತದೆ. 2025ರ ಫೆಬ್ರವರಿ 12ರಂದು ಅದನ್ನು ಮೊದಲು ಕಂಡವರು ಅಮ್ಮ. ಮಗ ಮೇಲಿನ ಕೋಣೆಯಲ್ಲಿ ಆಫೀಸಿನ ಕರೆಯಲ್ಲಿದ್ದಾಗ ನೀರು ಹಾಕಲು ಹೋದವರು, "ಏನೂ ತಿನ್ನದೆ ಹೊಟ್ಟೆ ಉಬ್ಬಿದೆಯಲ್ಲ" ಎಂದು ನನಗೇ ಫೋನ್ ಮಾಡಿದರು. ಮೊಬೈಲಿನಲ್ಲಿ ಕಳುಹಿಸಿದ ಚಿತ್ರದಲ್ಲಿ ಮೈಯ ಮಧ್ಯದಿಂದ ಕೆಳಕ್ಕೆ ಒಂದು ಗೇಣಿನಷ್ಟು ಉದ್ದ ಹುರುಪೆಗಳು ಬಿಚ್ಚಿಕೊಂಡು ನಡುವಿನ ಬಿಳಿ ಚರ್ಮ ಕಾಣುತ್ತಿತ್ತು. ಸಂದೇಹವೇ ಇರಲಿಲ್ಲ. ಗಂಡನ್ನು ಅಂದೇ ಬೇರೆ ಮಾಡಿಸಿ ಕಣ್ಣೂರಿಗೆ ವಾಪಸು ಕಳುಹಿಸಿದೆವು.

ಇಲ್ಲಿಂದ ಎಣಿಕೆ ನಂಬಬಹುದಾದದ್ದು. ಅಂಡ ಬಿಡುಗಡೆಯಾಗಿ ಎರಡು ಮೂರು ವಾರಕ್ಕೆ ಹೆಣ್ಣು ಪೊರೆ ಬಿಡುತ್ತದೆ, ಆ ಪೊರೆಯಿಂದ ಸುಮಾರು ನಾಲ್ಕು ವಾರಕ್ಕೆ ಮೊಟ್ಟೆ. ಮಾರ್ಚ್ 2ರಂದು ಪೊರೆ ಬಿಟ್ಟಿತು. ಮಾರ್ಚ್ 30ರ ಬೆಳಗಿನ ಜಾವ ಆರು ಮೊಟ್ಟೆ. ಐದು ಬೆಳ್ಳಗೆ ತುಂಬಿಕೊಂಡಿದ್ದವು, ಒಂದು ಹಳದಿಯ ಸಣ್ಣ ಬರಡು ಮೊಟ್ಟೆ. ಕತ್ತಲಲ್ಲಿ ಟಾರ್ಚ್ ಹಿಡಿದಾಗ ಐದರಲ್ಲೂ ಕೆಂಪು ರಕ್ತನಾಳಗಳು ಕಂಡವು.

ಹಾವಿನ ಮೊಟ್ಟೆಯನ್ನು ಕೋಳಿಮೊಟ್ಟೆಯಂತೆ ಹೊರಳಿಸಬಾರದು. ಮೊದಲ ದಿನ ಕಳೆದ ಮೇಲೆ ಭ್ರೂಣ ಚಿಪ್ಪಿನ ಒಂದು ಬದಿಗೆ ಅಂಟಿಕೊಳ್ಳುತ್ತದೆ, ತಿರುಗಿಸಿದರೆ ಸಾಯುತ್ತದೆ. ಪ್ರತಿ ಮೊಟ್ಟೆಯ ನೆತ್ತಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಒದ್ದೆ ಪರ್ಲೈಟ್ (ತೇವ ಹಿಡಿದಿಡುವ ಹಗುರ ಬಿಳಿ ಹರಳು) ತುಂಬಿದ ಡಬ್ಬಿಯಲ್ಲಿ 31.5 ಡಿಗ್ರಿಗೆ ಇಡಿಸಿದೆ. ಕೈಪಿಡಿಗಳು ಚಳಿಯ ಭಯವನ್ನೇ ಬರೆಯುತ್ತವೆ. ನಮಗೆ ಏಪ್ರಿಲಿನಲ್ಲಿ ಭಯವಿದ್ದದ್ದು ಸೆಕೆಯದು. ಥರ್ಮೊಸ್ಟಾಟ್ ಬಿಸಿಯನ್ನು ನಿಲ್ಲಿಸಬಲ್ಲದು, ಕೋಣೆಯನ್ನು ತಣಿಸಲಾರದು. ಹೆಂಚಿನ ಮಾಡಿನ ಕೆಳಗಿದ್ದ ಹುಡುಗನ ಕೋಣೆ ಮಧ್ಯಾಹ್ನ 34 ದಾಟುತ್ತಿತ್ತು. ದಪ್ಪ ಮುರಕಲ್ಲಿನ ಗೋಡೆಯ ಉಗ್ರಾಣಕ್ಕೆ ಮೊಟ್ಟೆಗಳ ಕಾವಿನ ಪೆಟ್ಟಿಗೆಯನ್ನು ಸಾಗಿಸಿದೆವು, ಅಲ್ಲಿ ಹಗಲಿನಲ್ಲೂ 29-30. ಸ್ವಲ್ಪ ಹೊತ್ತಿನ ತಂಪನ್ನು ಮೊಟ್ಟೆ ತಡೆದುಕೊಳ್ಳುತ್ತದೆ, ಅತಿ ಕಾವನ್ನು ತಡೆಯುವುದಿಲ್ಲ.

ಮೂರನೇ ವಾರದಲ್ಲಿ ಒಂದು ಮೊಟ್ಟೆ ಕುಸಿದು ಬೂಸಲು ಹಿಡಿಯಿತು. ಉಳಿದದ್ದು ನಾಲ್ಕು. ಮೇ 24ರಂದು, ವಾಡಿಕೆಗಿಂತ ಎಂಟು ದಿನ ಮೊದಲೇ, ಮುಂಗಾರು ಕೇರಳಕ್ಕೆ ಬಂತು. ಗಾಳಿಮಳೆಗೆ ಕರೆಂಟು ಹೋಯಿತು, ಇನ್ವರ್ಟರ್ ರಾತ್ರಿ ಕಳೆಯುವಷ್ಟರಲ್ಲಿ ಸೋತಿತು. ಅಮ್ಮ ಬಚ್ಚಲಿನ ಹಂಡೆಯ ಬಿಸಿನೀರನ್ನು ಬಾಟಲಿಗಳಲ್ಲಿ ತುಂಬಿ, ಬಟ್ಟೆ ಸುತ್ತಿ, ಪೆಟ್ಟಿಗೆಯ ಗೋಡೆಗೆ ಒರಗಿಸುತ್ತ ಹೋದರು. ಕಾವು 28ಕ್ಕಿಂತ ಕೆಳಗಿಳಿಯಲಿಲ್ಲ. 26ರಂದು, ಅಂದರೆ 57ನೇ ದಿನ, ಮೊದಲ ಮೊಟ್ಟೆಯಲ್ಲಿ ಸೀಳು ಬಿದ್ದು ಮೂತಿ ಹೊರಬಂತು. ಚಿಪ್ಪು ಕತ್ತರಿಸಿ ಎಳೆದು ತೆಗೆಯಲು ಹುಡುಗನ ಕೈ ತವಕಿಸುತ್ತಿತ್ತು. ಬೇಡವೆಂದೆ, ಒಳಗೆ ಉಳಿದ ಹಳದಿ ಭಂಡಾರವನ್ನು ಹೀರಿಕೊಳ್ಳಲು ಮರಿಗೆ ಒಂದೆರಡು ದಿನ ಬೇಕು. 28ರ ಸಂಜೆಗೆ ನಾಲ್ಕೂ ಹೊರಗಿದ್ದವು: ಮೂರು ಸಾದಾ, ಒಂದು ಸಿನಮನ್, 48ರಿಂದ 57 ಗ್ರಾಂ. ಬೆರಳಿನಿಂದ ಒಂದೊಂದರ ಬೆನ್ನೆಲುಬನ್ನೂ ತಲೆಯಿಂದ ಬಾಲದವರೆಗೆ ಸವರಿ ನೋಡಿದೆ. ಎಲ್ಲೂ ತಿರುವಿರಲಿಲ್ಲ.

ಮರಿಗಳ ಹುಟ್ಟನ್ನು ನಿಯಮದಂತೆ ವರದಿ ಮಾಡಿದ್ದಾಯಿತು. ಮೊದಲ ಪೊರೆ ಕಳಚಿದ ಮೇಲೆ ಮೂರು ಮರಿಗಳು ಎಳೆ ಸುಂಡಿಲಿಯನ್ನು ಹಿಡಿದವು. ಸಿನಮನ್ ಮರಿ ವಾರಗಟ್ಟಲೆ ಹಟ ಹಿಡಿದು, ಡಬ್ಬಿಯನ್ನು ಚಿಕ್ಕದು ಮಾಡಿ ಕತ್ತಲೆ ಮಾಡಿದ ಮೇಲೆ ತಿಂದಿತು. ಮೂರು ಊಟ ಸತತವಾಗಿ ಮಾಡುವವರೆಗೆ ಯಾವುದನ್ನೂ ಕೊಡಕೂಡದೆಂದು ಹೇಳಿದ್ದೆ. ಒಂದು ಮರಿ ಮಾತಿನಂತೆ ಕಣ್ಣೂರಿಗೆ, ಒಂದು ಮೊದಲೇ ಒಪ್ಪಿದ್ದ ಮಂಗಳೂರಿನ ಮನೆಗೆ ಹೋಯಿತು. ಎರಡು ಇಲ್ಲೇ ಇವೆ.

ಮೊಟ್ಟೆಯಿಟ್ಟ ದಿನ ತಾಯಿಯ ತೂಕ 1,160 ಗ್ರಾಂ. ಮೊಟ್ಟೆಗಳ ವಾಸನೆ ಹೋಗುವಂತೆ ಮೈ ತೊಳೆದು, ಡಬ್ಬಿಯನ್ನೂ ತೊಳೆದ ಮೇಲೆ ಎರಡನೇ ವಾರದಲ್ಲಿ ಮೊದಲ ಇಲಿ ತಿಂದಿತು, ಸಣ್ಣದನ್ನೇ ಕೊಡಿಸಿದೆ. 2025ರ ನವೆಂಬರಿಗೆ 1,430 ಗ್ರಾಂ ಆಗಿತ್ತು. ಕಣ್ಣೂರಿನವರು ಮತ್ತೆ ಗಂಡನ್ನು ಕಳುಹಿಸಲು ಸಿದ್ಧರಿದ್ದರು, ಆದರೆ ಆ ಋತುವನ್ನು ಹಾಗೆಯೇ ಬಿಟ್ಟೆವು. 2026ರ ಅಕ್ಟೋಬರಿನಲ್ಲಿ ತೂಕ ನೋಡಿ, ಸ್ಕ್ಯಾನ್ ಮಾಡಿ, ಆಮೇಲೆ ಮಾತಾಡುವುದೆಂದು ಆಗಿದೆ.